ಇಪ್ಪತ್ತು ಕೆಲಸದ ದಿನ

ಸೂರ್ ಪಟ್ಟಣದ ಕಟ್ಟಡ ಕಛೇರಿಯಲ್ಲಿ
ಇಪ್ಪತ್ತು ದಿನವೆಂದರೆ ಇಪ್ಪತ್ತು ದಿನವಲ್ಲ.
ಶುಕ್ರವಾರ ಲೆಕ್ಕಕ್ಕಿಲ್ಲ, ಶನಿವಾರ ಲೆಕ್ಕಕ್ಕಿಲ್ಲ,
ಹಬ್ಬ ಇಲ್ಲ, ಹಬ್ಬದ ಮರುದಿನದ ತೂಕಡಿಕೆಯೂ ಇಲ್ಲ.
ಫೈಲು ಅಗ್ನಿಶಾಮಕದವರ ಮೇಜಿನ ಮೇಲೆ ಮಲಗಿತೋ
ಆ ನಿದ್ದೆಯೂ ಲೆಕ್ಕಕ್ಕಿಲ್ಲ.
ನಡುವೆ ಒಂದು ತಕರಾರು ಬಂದರೆ
ಹತ್ತೊಂಬತ್ತನೆಯ ದಿನ ಮತ್ತೆ ಒಂದನೆಯದು,
ಹಾವಿನ ಬಾಯಿಗೆ ಸಿಕ್ಕ ಕಾಯಿ
ಬಾಲದಲ್ಲಿ ಇಳಿದ ಹಾಗೆ.

ನನಗಿದು ಬಾಯಿಪಾಠ.
ಹನ್ನೊಂದು ವರ್ಷದಿಂದ ಇಲ್ಲಿ
ಇನ್ನೊಬ್ಬರ ಮನೆಗಳ ನಕ್ಷೆ ಬರೆಯುತ್ತೇನೆ.
ಕಾರ್ಡಿನಲ್ಲಿ 'ಡ್ರಾಫ್ಟ್ಸ್‌ಮನ್' ಎಂದಿದೆ;
ಮೀಸೆಯಿಲ್ಲ, ಅದಕ್ಕೇ ಇರಬೇಕು
ಸಂಬಳವೂ ತುಸು ಕಡಿಮೆ.

ಆ ಮಾರ್ಚಿನಲ್ಲಿ ಬಂದವರು ಜುಮಾ ಬಿನ್ ಸುವೈಲಿಂ.
ಎಪ್ಪತ್ತೆಂಟು ವಯಸ್ಸು,
ಅಂಗೈಯಲ್ಲಿ ತೇಗದ ಸಿಬಿರಿನ ಹಳೆಯ ಗುರುತು.
ಮಾಳಿಗೆಯ ಮೇಲೆ ಒಂದು ಕೋಣೆ ಸಾಕು ಎಂದರು.
ಹೇಗಿರಬೇಕು, ಗೆರೆ ಹಾಕಿ ತೋರಿಸಿ ಎಂದೆ.
ಬೆರಳಿಂದ ಹಣೆ ತೋರಿಸಿದರು.
"ನಲವತ್ತೆರಡು ಮಂಜಿ ಕಟ್ಟಿದ್ದೇನೆ, ಮುಹಂದಿಸಾ,
ಒಂದಕ್ಕೂ ಗೆರೆ ಎಳೆದವನಲ್ಲ."
ನಾನು ಇಂಜಿನಿಯರಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ.
"ಮರ ನಿಮ್ಮ ಕರಾವಳಿಯಿಂದ ಬರುತ್ತಿತ್ತು,
ಎಲ್ಲಿ ಬಾಗಬೇಕೆಂದು ಅದಕ್ಕೇ ಗೊತ್ತಿತ್ತು."
ಕಾಂಕ್ರೀಟಿಗೆ ಗೊತ್ತಿಲ್ಲ, ಅದಕ್ಕೇ ನಾನಿರುವುದು ಎಂದೆ.
ನಕ್ಕರು. ಹಲ್ಲು ಎಲ್ಲವೂ ಇದ್ದವು.

ಕಿಟಕಿ ನೆಲದಿಂದ ಒಂದು ಗೇಣು ಮೇಲಿರಬೇಕಂತೆ.
ಚಾಪೆಯ ಮೇಲೆ ಕೂತರೆ ಅಳಿವೆ ಕಾಣಬೇಕು,
ಅಳಿವೆಯ ಕೆಸರಿನಲ್ಲಿ ಒಂದು ಮಗ್ಗುಲಿಗೆ ಒರಗಿರುವ
ನಲವತ್ತೆರಡನೆಯದು ಕಾಣಬೇಕು.
ಮಾಡಿಸಿದವನು ತೀರಿಕೊಂಡ,
ಅವನ ಮಕ್ಕಳು ಕಾರು ಕೊಂಡರು.

ಪಕ್ಕದ ಅಂಗಳ ಕಾಣುವ ದಿಕ್ಕಿಗೆ
ಕಿಟಕಿಯ ತಳ ಒಂದೂಮುಕ್ಕಾಲು ಮೀಟರಿಗಿಂತ ಕೆಳಗಿರಕೂಡದು.
ಹೋಗಿ ನೋಡಿದೆ: ಆ ಅಂಗಳದಲ್ಲಿ
ಎರಡು ಆಡು, ಒಂದು ಕೆಟ್ಟುಹೋದ ಫ್ರಿಜ್ಜು.
ನಿಯಮದ ಪ್ರಕಾರ ಆಡಿಗೂ ಮಾನವಿದೆ.

ಮೊದಲ ಸಲ ತಕರಾರು. ಒಂದನೆಯ ದಿನ.
ಎರಡನೆಯ ಸಲ ಜಾಲಿ ಹಾಕಿದೆ.
ತಕರಾರು. ಒಂದನೆಯ ದಿನ.
ಮುದುಕರು ವಾರಕ್ಕೊಮ್ಮೆ ಖರ್ಜೂರ ತಂದಿಟ್ಟು
ಏನೂ ಕೇಳದೆ ಹೋಗುತ್ತಿದ್ದರು.
ಕೇಳಿದ್ದರೆ ಸಲೀಸಿತ್ತು.

ಒಂದು ರಾತ್ರಿ, ಏಸಿ ಕೆಟ್ಟು ನಿದ್ದೆ ಬಾರದೆ,
ಕಿಟಕಿಯನ್ನು ಅಳಿಸಿ ಬಾಗಿಲು ಬರೆದೆ.
ಬಾಗಿಲು ನೆಲದಿಂದ ಇಷ್ಟೆತ್ತರ ಇರಬೇಕೆಂಬ ನಿಯಮವಿಲ್ಲ.
ಎಲ್ಲಿಗಾದರೂ ಹೋಗಲೇಬೇಕೆಂಬುದೂ
ಪುಸ್ತಕ ಎರಡು ಸಲ ಮಗುಚಿದೆ, ಇಲ್ಲ.

ಹದಿನೇಳನೆಯ ದಿನ ಬದ್ರಿಯಾ ಕರೆಸಿದಳು,
ಹಸಿರು ಪೆನ್ನು ಬಾಗಿಲ ಮೇಲೆ.
"ಇದು ಎಲ್ಲಿಗೆ ತೆರೆಯುತ್ತದೆ?"
ಗಾಳಿಗೆ.
"ದಾಟುವವರು?"
ಯಾರೂ ಇಲ್ಲ, ಮೇಡಂ.
"ಮತ್ತೆ?"
ಅಳಿವೆ ಎಂದೆ. ಒರಗಿದ ಮಂಜಿ ಎಂದೆ.
ಅರಬ್ಬಿಯಲ್ಲಿ ನನಗೆ ಲಿಂಗ ತಪ್ಪುತ್ತದೆ;
ಮಂಜಿ ಗಂಡಾಯಿತೋ ಏನೋ,
ಅವಳ ತುಟಿ ಸ್ವಲ್ಪ ಅಲುಗಿತು.
ಫೈಲು ಮುಚ್ಚಿ ಮುಂದಿನ ಟೋಕನ್ ಕರೆದಳು.

ಇಪ್ಪತ್ತನೆಯ ದಿನ, ಕಛೇರಿ ಮುಚ್ಚಲು ಹತ್ತು ನಿಮಿಷಕ್ಕೆ,
ಮಂಜೂರು. ಒಂದು ಷರತ್ತು:
ಬಾಗಿಲಿಗೆ ಅಡ್ಡವಾಗಿ ಸೊಂಟದೆತ್ತರದ ಕಟಾಂಜನ,
ಸರಳು ಸರಳಿನ ನಡುವೆ ಒಂದು ಗೇಣು.
ಪುಸ್ತಕದಲ್ಲಿ ಇರುವುದು ಒಂದು ಮುಷ್ಟಿ.
ಕೈತಪ್ಪಿ ಬರೆದಳೋ, ಬೇಕೆಂದೋ,
ನಾನು ಕೇಳಲು ಹೋಗಲಿಲ್ಲ.

ಕಾಗದವನ್ನು ಜುಮಾ ದೂರ ಹಿಡಿದು ಓದಿದರು.
ಆರು ತಿಂಗಳಲ್ಲಿ ಕೆಲಸ ಶುರುವಾಗದಿದ್ದರೆ ರದ್ದು.
ವರ್ಷದೊಳಗೆ ಮುಗಿಯದಿದ್ದರೆ ರದ್ದು.
"ಮಂಜಿ ಯಾವಾಗ ಮುಗಿಯಿತೆಂದು
ಮರದ ಸಂದಿಗೆ ಹತ್ತಿ ತುರುಕುವವನು ಹೇಳುತ್ತಿದ್ದ,
ಅವನು ಕುಡಿದು ಮಲಗಿದರೆ ನಾವೂ ಕಾಯುತ್ತಿದ್ದೆವು," ಎಂದರು.

ಫೆಬ್ರವರಿಯಲ್ಲಿ ಹೋಗಿದ್ದೆ.
ಬಾಗಿಲನ್ನು ತಾವೇ ಮಾಡಿದ್ದಾರೆ,
ಹಲಗೆಗಳು ತುಸು ಹೊಟ್ಟೆ ಬಿಟ್ಟಿವೆ,
ನನ್ನ ನಕ್ಷೆಯಲ್ಲಿ ಆ ಬಾಗು ಇಲ್ಲ.
ಚಾಪೆ ಹಾಸಿ ಕೂರಿಸಿದರು.
ಸರಳಿನ ಸಂದಿಯಲ್ಲಿ ನೀರು ಏರುತ್ತಿತ್ತು,
ನಲವತ್ತೆರಡನೆಯದು ಅಲುಗಿತೋ ಇಲ್ಲವೋ,
ಇಬ್ಬರೂ ಬೇರೆಬೇರೆ ಉತ್ತರ ಹೇಳಿದೆವು.
ಕೆಳಗೆ ಎರಡು ಆಡು
ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದವು.

ಕಟ್ಟಡ ಪೂರ್ಣಗೊಂಡ ಪತ್ರಕ್ಕೆ ಅರ್ಜಿ ಹಾಕಿದ್ದೇನೆ.
ಇವತ್ತಿಗೆ ನಾಲ್ಕನೆಯ ದಿನ.
ನಾಳೆ ಶುಕ್ರವಾರ.